ಮೂಲದಲ್ಲಿ ಹೀಗಿತ್ತು

ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು. ಕೀಬೋರ್ಡಿನ ದೀಪ ಹತ್ತಿತ್ತು. ಪರದೆ ಮಾತ್ರ ಕಪ್ಪಗಿತ್ತು. ‘ನೋ ಸಿಗ್ನಲ್’ ಎಂಬ ಪುಟ್ಟ ಚೌಕವೊಂದು ಒಂದೆರಡು ಕ್ಷಣ ತೇಲಿ, ಅದೂ ಮಾಯವಾಗುತ್ತಿತ್ತು. ಹತ್ತು ನಿಮಿಷದ ಹಿಂದೆ ಇದೇ ಯಂತ್ರದಲ್ಲಿ ಕೂತು ನಾನು ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯವನ್ನು ತಿದ್ದುತ್ತಿದ್ದೆ. ಅದು ಶನಿವಾರದ ಮಧ್ಯಾಹ್ನ. ಸೋಮವಾರ ಆರು ತಿಂಗಳ ಪ್ರಗತಿ ವರದಿಯನ್ನು ಮಂಡಿಸಬೇಕಿತ್ತು.

ಕೆಡಿಸಿದ್ದು ಯಾರೋ ಅಲ್ಲ, ನಾನೇ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಲ್ಲಿಂದ ಮುಂದೆ ಕಂಪ್ಯೂಟರ್ ತೆರೆದಾಗಲೆಲ್ಲ ‘ಹನ್ನೊಂದಕ್ಕೆ ಹೋಗು’ ಎಂಬ ಒತ್ತಾಯ. ಹೋಗೋಣವೆಂದರೆ ಸೆಕ್ಯೂರ್ ಬೂಟ್ ಬೇಕು, ಟಿಪಿಎಂ ಬೇಕು ಎಂಬ ತಕರಾರು. ಒಂದು ವಿಡಿಯೋ ನೋಡಿದೆ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಡಿಲೀಟ್ ಗುಂಡಿಯನ್ನು ಟಪಟಪ ಒತ್ತಿ, ಎಲ್ಲರೂ ಈಗಲೂ ಬಯಾಸ್ ಎಂದೇ ಕರೆಯುವ ಆ ನೀಲಿ ಪುಟಕ್ಕೆ ಹೋದೆ. ಟಿಪಿಎಂ ಆನ್ ಮಾಡಿದೆ. ಸಿಎಸ್‌ಎಂ ಎಂಬುದನ್ನು ಆಫ್ ಮಾಡಿದೆ. ಸೆಕ್ಯೂರ್ ಬೂಟ್ ಆನ್ ಮಾಡಿದೆ. ಹೇಗೂ ಬಂದಿದ್ದೇನಲ್ಲ ಎಂದು ಫಾಸ್ಟ್ ಬೂಟನ್ನೂ ಆನ್ ಮಾಡಿ, ಎಫ್10 ಒತ್ತಿ, ‘ಯೆಸ್’ ಎಂದೆ. ಕಪ್ಪು ಪರದೆ ಬಂದದ್ದು ಆಗಲೇ.

ಈ ಡೆಸ್ಕ್‌ಟಾಪ್ ನನ್ನ ತಮ್ಮನದು. ಇಂಜಿನಿಯರಿಂಗ್ ಓದುವಾಗ, 2018ರಲ್ಲಿ, ಬಿಡಿಭಾಗಗಳನ್ನು ಒಂದೊಂದಾಗಿ ತಂದು ಜೋಡಿಸಿದ್ದ. ರೈಜೆನ್ 5 ಪ್ರೊಸೆಸರ್ ಹೊಸದು. ದುಡ್ಡು ಸಾಲದೆ ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಮನೆಯ ಹಳೆಯ ಕಂಪ್ಯೂಟರಿನಿಂದ ಕಿತ್ತು ಹಾಕಿದ್ದ. ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ಅದನ್ನು ಮೈಸೂರಿನ ನನ್ನ ಬಾಡಿಗೆ ಕೋಣೆಗೆ ತಂದಿಟ್ಟು, “ಅಕ್ಕಾ, ಇದನ್ನ ಸುಮ್ನೆ ಏನೂ ಮಾಡ್ಬೇಡ, ಚೆನ್ನಾಗೇ ಇರುತ್ತೆ” ಎಂದಿದ್ದ.

ನನಗೆ ಭಯ ಹುಟ್ಟಿದ್ದು ವರದಿಗಾಗಿ ಅಲ್ಲ. ಅದರ ಕರಡು ಮಿಂಚಂಚೆಯಲ್ಲಿತ್ತು. ಭಯ ಹುಟ್ಟಿದ್ದು ‘ಗ’ ಎಂಬ ಹೆಸರಿನ ಒಂದು ಫೋಲ್ಡರಿಗಾಗಿ.

ನನ್ನ ಅಧ್ಯಯನದ ಕ್ಷೇತ್ರ ಗ್ರಂಥಸಂಪಾದನೆ. ಒಂದು ಸಣ್ಣ ಸಾಂಗತ್ಯ ಕಾವ್ಯದ ನಾಲ್ಕು ಹಸ್ತಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ, ಯಾವ ಪ್ರತಿಯಲ್ಲಿ ಯಾವ ಪಾಠವಿದೆ ಎಂದು ಗುರುತಿಸುವುದು ನನ್ನ ಕೆಲಸ. ಪ್ರತಿಗಳಿಗೆ ಕ, ಖ, ಗ, ಘ ಎಂದು ಸಂಕೇತ. ಮೂರು ಪ್ರತಿಗಳು ಗ್ರಂಥಾಲಯಗಳಲ್ಲಿವೆ. ‘ಗ’ ಮಾತ್ರ ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿದೆ. 112 ಓಲೆಗರಿಗಳು. ಎರಡು ಮರದ ಪಟ್ಟಿಗಳ ನಡುವೆ ಕಟ್ಟಿ, ಕೆಂಪು ಬಟ್ಟೆ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಹೊಗೆಗೆ ಹುಳ ಬರುವುದಿಲ್ಲ ಎಂಬ ಹಳೆಯ ಲೆಕ್ಕ.

ಮನೆಯ ಅಜ್ಜ ಒಪ್ಪಲು ನಾನು ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಕಾಫಿ ಕೊಟ್ಟು, ಕಟ್ಟನ್ನು ಕೆಳಗಿಳಿಸಿ, “ಒಂದೇ ಸಲ ಬಿಚ್ಚೋದು, ಮತ್ತೆ ಕೇಳಬಾರದು” ಎಂದರು. ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ, ಬೆಳಗಿನ ಬೆಳಕಿನಲ್ಲಿ, ಗರಿಯ ಎರಡೂ ಬದಿಯಂತೆ 224 ಫೋಟೋ ತೆಗೆದೆ. ಎಷ್ಟೇ ಮೆಲ್ಲಗೆ ತಿರುವಿದರೂ ಒಣಗಿದ ಗರಿಗಳ ಅಂಚು ಉದುರುತ್ತಿತ್ತು. ಕೊನೆಯಲ್ಲಿ ಪಂಚೆ ಕೊಡವಿದಾಗ ಬಿದ್ದ ಪುಡಿಯಲ್ಲಿ ಒಂದೆರಡು ಅಕ್ಷರದ ಚೂರುಗಳೂ ಇದ್ದವು. ಅಂದರೆ ನನ್ನ ಫೋಟೋದಲ್ಲಿರುವ ಕೆಲವು ಅಕ್ಷರಗಳು ಈಗ ಗರಿಯಲ್ಲಿಲ್ಲ. ಅಜ್ಜ ಆ ಪುಡಿಯನ್ನು ನೋಡಿ ಏನೂ ಅನ್ನಲಿಲ್ಲ. ಹೊರಡುವಾಗ ಮಾತ್ರ ಕೇಳಿದರು: “ನೀನಾದ್ರೂ ಸರಿಯಾಗಿ ಇಟ್ಕಳ್ತೀಯ ತಾನೆ?”

“ಇಟ್ಕೊಳ್ತೀನಿ ಅಜ್ಜಾ” ಅಂದಿದ್ದೆ.

ಇಟ್ಟುಕೊಂಡದ್ದು ಹೀಗೆ: ಒಂದು ಕಂಪ್ಯೂಟರಿನಲ್ಲಿ, ಒಂದು ಡಿಸ್ಕಿನಲ್ಲಿ, ಒಂದೇ ಪ್ರತಿ. ಮೆಮರಿ ಕಾರ್ಡನ್ನು ಅಳಿಸಿ ಮುಂದಿನ ಕ್ಷೇತ್ರಕಾರ್ಯಕ್ಕೆ ಬಳಸಿದ್ದೆ. ಏಳು ತಿಂಗಳು ಕೂತು ಮಾಡಿದ ಪಾಠಾಂತರಗಳ ಪಟ್ಟಿಯೂ ಅದೇ ಡಿಸ್ಕಿನಲ್ಲಿತ್ತು.

ಸಂಜೆಯವರೆಗೂ ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ವೈರು ಬದಲಿಸಿದೆ. ಕೆಳಗಿನ ಮನೆಯವರ ಮಾನಿಟರ್ ತಂದು ನೋಡಿದೆ. ಆಮೇಲೆ ಆಟೋದಲ್ಲಿ ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಸ್ವಿಚ್ಚು ಒತ್ತಿ, ಪರದೆಯನ್ನೊಮ್ಮೆ ನೋಡಿ, “ಹಾರ್ಡ್ ಡಿಸ್ಕ್ ಹೋಗಿರ್ಬೇಕು ಮೇಡಂ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ತೀನಿ. ಡೇಟಾ ಗ್ಯಾರಂಟಿ ಇಲ್ಲ” ಎಂದ. ಕ್ಯಾಬಿನೆಟ್ಟಿನ ಬಾಗಿಲನ್ನೂ ತೆಗೆದು ನೋಡಿರಲಿಲ್ಲ. ಎತ್ತಿಕೊಂಡು ವಾಪಸು ಬಂದೆ.

ರಾತ್ರಿ ಹತ್ತಕ್ಕೆ ತಮ್ಮ ಸಿಕ್ಕಿದ.

“ಏನು ಬದಲಾಯಿಸ್ದೆ?”

“ಮೂರೋ ನಾಲ್ಕೋ.”

“ಯಾವ್ಯಾವ್ದು? ಮೊದ್ಲು ಏನಿತ್ತು?”

“ಸರಿಯಾಗಿ ನೆನಪಿಲ್ಲ ಕಣೋ.”

“ಬರ್ದಿಟ್ಕೊಂಡಿಲ್ವಾ? ಫೋನಲ್ಲಿ ಒಂದು ಫೋಟೋನಾದ್ರೂ?”

ಅವನು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಗ್ರಂಥಸಂಪಾದನೆಯ ಮೊದಲ ತರಗತಿಯಲ್ಲೇ ನಮಗೆ ಹೇಳಿಕೊಟ್ಟ ಪಾಠ ಇದು. ಪ್ರತಿಯಲ್ಲಿರುವುದು ತಪ್ಪೆಂದು ನಿನಗೆ ಎಷ್ಟೇ ಖಚಿತವಾಗಿದ್ದರೂ, ತಿದ್ದುವ ಮೊದಲು ಅಲ್ಲಿ ಏನಿತ್ತು ಎಂದು ಅಡಿಟಿಪ್ಪಣಿಯಲ್ಲಿ ಬರೆ. ನಾಳೆ ನಿನ್ನ ತಿದ್ದುಪಡಿಯೇ ತಪ್ಪಾದರೆ ಓದುವವನಿಗೆ ಹಿಂದಿರುಗುವ ದಾರಿ ಇರಬೇಕು. ಮೊದಲ ವರ್ಷ ನಾನು ಎರಡು ಪದ್ಯಗಳಲ್ಲಿ ಪ್ರಾಸ ಕೂಡಿಸಲು ಸುಮ್ಮನೆ ಅಕ್ಷರ ಬದಲಿಸಿದ್ದೆ. ನಮ್ಮ ಮೇಡಂ ಆ ಹಾಳೆಯನ್ನು ಮೇಜಿನ ಮೇಲಿಟ್ಟು, “ಇದು ಸಂಪಾದನೆ ಅಲ್ಲ, ಸಾಕ್ಷ್ಯನಾಶ” ಎಂದಿದ್ದರು. ಆಮೇಲೆ ಅದೇ ಮಾತನ್ನು ಕಿರಿಯರಿಗೆ ನಾನೂ ಎಷ್ಟೋ ಸಲ ಹೇಳಿದ್ದೇನೆ. ಓಲೆಗರಿಯ ಮುಂದೆ ಅಷ್ಟು ಶಿಸ್ತಿನವಳು ನೀಲಿ ಪುಟದ ಮುಂದೆ ನಾಲ್ಕು ತಿದ್ದುಪಡಿಯನ್ನು ಒಂದೇ ಉಸಿರಿಗೆ ಮಾಡಿ ಎದ್ದು ಬಂದಿದ್ದೆ.

ತಮ್ಮ ವಿಡಿಯೋ ಕರೆ ಮಾಡಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಸಿದ. ಮದರ್‌ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕು ದೀಪಗಳಿದ್ದವು. ಪಕ್ಕದಲ್ಲಿ ಸಣ್ಣದಾಗಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಅಚ್ಚಾಗಿತ್ತು. ಸ್ವಿಚ್ಚು ಹಾಕಿದಾಗ ಮೊದಲೆರಡು ಹತ್ತಿ ಆರಿದವು. ವಿಜಿಎ ದೀಪ ಹತ್ತಿಕೊಂಡೇ ಉಳಿಯಿತು.

“ಡಿಸ್ಕಿಗೆ ಏನೂ ಆಗಿಲ್ಲ” ಎಂದ. “ಅಲ್ಲೀವರೆಗೆ ಇದು ಹೋಗೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಹತ್ರಾನೇ ನಿಂತಿದೆ. ಸಿಎಸ್‌ಎಂ ಆಫ್ ಮಾಡಿದ್ಯಾ?”

ಮಾಡಿದ್ದೆ. ಅವನು ಬಿಡಿಸಿ ಹೇಳಿದ. 1981ರ ಐಬಿಎಂ ಪಿಸಿಯ ಕಾಲದಿಂದ ಕಂಪ್ಯೂಟರುಗಳನ್ನು ಎಬ್ಬಿಸುತ್ತಿದ್ದುದು ಬಯಾಸ್. ಈಗ ಅದರ ಜಾಗಕ್ಕೆ ಯುಇಎಫ್ಐ ಬಂದಿದೆ. ಹಳೆಯ ರೀತಿಯನ್ನಷ್ಟೇ ಬಲ್ಲ ಬಿಡಿಭಾಗಗಳು ಇನ್ನೂ ಚಲಾವಣೆಯಲ್ಲಿದ್ದುದರಿಂದ ಹೊಸ ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಹೊಂದಾಣಿಕೆಯ ಭಾಗವೊಂದನ್ನು ಇಟ್ಟರು. “ಅದು ದುಭಾಷಿ ಅಕ್ಕಾ. ನಮ್ಮ ಕಾರ್ಡ್‌ಗೆ ಹಳೇ ಭಾಷೆ ಮಾತ್ರ ಬರೋದು. ನೀನು ದುಭಾಷೀನ ಮನೆಗೆ ಕಳಿಸ್ಬಿಟ್ಟೆ. ಬೋರ್ಡ್ ಕೂಗ್ತಾ ಇದೆ, ಕಾರ್ಡ್‌ಗೆ ಅರ್ಥ ಆಗ್ತಿಲ್ಲ.” ಆ ಪ್ರೊಸೆಸರಿನೊಳಗೆ ಬೇರೆ ಗ್ರಾಫಿಕ್ಸ್ ಇಲ್ಲ. ಹೀಗಾಗಿ ಚಿತ್ರ ಬರಲು ಆ ಕಾರ್ಡೊಂದೇ ದಾರಿ.

ಹಾಗಾದರೆ ಸಿಎಸ್‌ಎಂ ಮತ್ತೆ ಆನ್ ಮಾಡಿದರಾಯಿತು. ಆನ್ ಮಾಡಲು ನೀಲಿ ಪುಟ ಕಾಣಬೇಕು. ಪುಟ ಕಾಣಲು ಸಿಎಸ್‌ಎಂ ಆನ್ ಆಗಿರಬೇಕು. ಕೀಲಿಕೈಯನ್ನು ಒಳಗಿಟ್ಟು ಬಾಗಿಲೆಳೆದುಕೊಂಡ ಹಾಗಾಗಿತ್ತು.

“ಮರೆಸೋದೊಂದೇ ದಾರಿ” ಎಂದ ತಮ್ಮ.

ಸ್ವಿಚ್ಚು ಆರಿಸಿ ಪವರ್ ಕೇಬಲ್ಲನ್ನೇ ಕಿತ್ತಿಡಲು ಹೇಳಿದ. ಒಳಗೆ ಉಳಿದ ವಿದ್ಯುತ್ತು ಬರಿದಾಗಲು ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಸಿದ. ಮೈಯ ಸ್ಥಾಯೀ ವಿದ್ಯುತ್ತು ಇಳಿಯಲೆಂದು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿಸಿದ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಒಂದು ದುಂಡನೆಯ ಬ್ಯಾಟರಿ ಇತ್ತು, ಸಿಆರ್ 2032. ಅಳತೆ ಹೆಸರಿನಲ್ಲೇ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಒತ್ತಿದೆ. ಬಿಲ್ಲೆ ಚಿಮ್ಮಿ ಅಂಗೈಗೆ ಬಂತು.

“ಈಗ ಹತ್ತು ನಿಮಿಷ ಸುಮ್ನೆ ಕೂತ್ಕೋ.”

ಆ ಹತ್ತು ನಿಮಿಷದಲ್ಲಿ ಅವನು ಇನ್ನೊಂದು ವಿಷಯ ಹೇಳಿದ. 1984ರ ಐಬಿಎಂ ಪಿಸಿ ಎಟಿಯಲ್ಲಿ ಗಡಿಯಾರಕ್ಕೆಂದು ಮೋಟೊರೋಲಾದ ಒಂದು ಚಿಪ್ ಹಾಕಿದ್ದರಂತೆ. ಅದರಲ್ಲಿದ್ದದ್ದು ಒಟ್ಟು 64 ಬೈಟು ಜಾಗ. ಸಮಯ ಮತ್ತು ಅದರ ನಿಯಂತ್ರಣಕ್ಕೆ 14 ಹೋಗಿ, ಉಳಿದ 50 ಬೈಟುಗಳಲ್ಲಿ ಸೆಟ್ಟಿಂಗುಗಳನ್ನು ಬರೆದಿಟ್ಟರು. ಎರಡಕ್ಕೂ ಒಂದೇ ಬ್ಯಾಟರಿ. ಇಂದಿನ ಬೋರ್ಡುಗಳಲ್ಲಿ ವ್ಯವಸ್ಥೆ ಎಷ್ಟೋ ಬದಲಾಗಿದ್ದರೂ ಆ ನಂಟು ಪೂರ್ತಿ ಬಿಟ್ಟಿಲ್ಲ. ಬ್ಯಾಟರಿ ತೆಗೆದರೆ ಸೆಟ್ಟಿಂಗಿನ ಜೊತೆಗೆ ಕಾಲವೂ ಮರೆತುಹೋಗುತ್ತದೆ. “ಡಿಸ್ಕಿನಲ್ಲಿರೋದಕ್ಕೆ ಬ್ಯಾಟರಿ ಬೇಡ. ಅದು ಬೇರೆ” ಎಂದ. ಅಂಗೈಯ ಬಿಲ್ಲೆಯನ್ನು ನೋಡುತ್ತ ಕೂತೆ. ಮಧ್ಯಾಹ್ನದಿಂದ ನಾನು ಹೆದರಿದ್ದು ನೆನಪು ಅಳಿಸಿಹೋಯಿತು ಎಂದು. ಅಳಿಸಬೇಕಾಗಿದ್ದ ನೆನಪೇ ಬೇರೆ ಇತ್ತು.

ಬ್ಯಾಟರಿಯನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಕೇಬಲ್ ಚುಚ್ಚಿ, ಗುಂಡಿ ಒತ್ತಿದೆ. ವಿಜಿಎ ದೀಪ ಹತ್ತಿತು. ಆರಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು: ಸೆಟ್ಟಿಂಗುಗಳು ಮೂಲ ಸ್ಥಿತಿಗೆ ಮರಳಿವೆ, ಎಫ್1 ಒತ್ತಿ. ಅಷ್ಟು ಒಣ ವಾಕ್ಯವೊಂದನ್ನು ಓದಿ ಕಣ್ಣು ತುಂಬಿದ್ದು ಅದೇ ಮೊದಲು.

ವಿಂಡೋಸ್ ತೆರೆದುಕೊಂಡಿತು. ‘ಗ’ ಫೋಲ್ಡರ್ ಅಲ್ಲೇ ಇತ್ತು. 224. ಎರಡು ಸಲ ಎಣಿಸಿದೆ. ಪಾಠಾಂತರಗಳ ಪಟ್ಟಿ ತೆರೆದು, ಅರ್ಧಕ್ಕೆ ನಿಂತಿದ್ದ ಒಂದು ಸಾಲನ್ನು ಮುಗಿಸಿ ಸೇವ್ ಮಾಡಿದೆ. ಆಮೇಲೆ ಬ್ರೌಸರ್ ತೆರೆದರೆ ಯಾವ ತಾಣವೂ ತೆರೆಯಲೊಲ್ಲದು. ಎಲ್ಲವೂ ‘ಸುರಕ್ಷಿತವಲ್ಲ’ ಎನ್ನುತ್ತಿದ್ದವು. ಮೂಲೆಯ ಗಡಿಯಾರ ನೋಡಿದೆ. ಜನವರಿ 1, 2018. ಯಂತ್ರಕ್ಕೆ ಕಾಲ ಮರೆತಿತ್ತು. ತಾಣಗಳ ಭದ್ರತಾ ಪ್ರಮಾಣಪತ್ರಗಳು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ನಾನು ಆಗಷ್ಟೇ ಸೇವ್ ಮಾಡಿದ ಪಟ್ಟಿಯ ಮೇಲೂ ಅದೇ ದಿನಾಂಕ ಬಿದ್ದಿತ್ತು. ನಾನು ಪಿಎಚ್.ಡಿ.ಗೆ ಸೇರುವ ಎಷ್ಟೋ ಮೊದಲೇ, ಅಜ್ಜನ ಮನೆಯ ದಾರಿ ಗೊತ್ತಾಗುವ ಮೊದಲೇ, ಪ್ರತಿ ‘ಗ’ದ ಪಾಠಗಳನ್ನು ಹೋಲಿಸಿ ಮುಗಿಸಿದ್ದೆ! ಹಸ್ತಪ್ರತಿಗಳ ಕಾಲವನ್ನು ಲಿಪಿಯಿಂದ, ಭಾಷೆಯಿಂದ, ಕೊನೆಯಲ್ಲಿ ಲಿಪಿಕಾರ ಬರೆದ ಸಂವತ್ಸರದಿಂದ ಊಹಿಸುವವಳು ನಾನು. ಬರೆದ ದಿನಾಂಕ ಎಷ್ಟು ಸುಲಭವಾಗಿ ಸುಳ್ಳಾಗಬಹುದು ಎಂದು ನಗು ಬಂತು. ನಮ್ಮ ಯಾವುದೋ ಲಿಪಿಕಾರನಿಗೂ ಹೀಗೆ ಪಂಚಾಂಗ ತಪ್ಪಿರಬಹುದು.

ತಮ್ಮ ಇನ್ನೊಂದನ್ನೂ ಹೇಳಿದ್ದ. ಕಾರ್ಡು ಸರಿ ಇದ್ದು ಪರದೆ ಬಂದಿದ್ದರೂ ವಿಂಡೋಸ್ ಬರುತ್ತಿರಲಿಲ್ಲ. ಡಿಸ್ಕಿನ ವಿಂಗಡಣೆ ಎಂಬಿಆರ್ ಎಂಬ ಹಳೆಯ ರೀತಿಯದು, ಯುಇಎಫ್ಐ ಹಾದಿಯಲ್ಲಿ ಏಳಲು ವಿಂಡೋಸಿಗೆ ಜಿಪಿಟಿ ಬೇಕು. ಫೈಲುಗಳನ್ನು ಅಳಿಸದೆ ಹಾಗೆ ಬದಲಿಸಲು ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸಿನೊಳಗೇ ಇದೆ. ಒಂದು ತಿಂಗಳ ನಂತರ ಅದನ್ನೂ ಮಾಡಿದೆವು. ಮೊದಲು ಎಲ್ಲ ಫೈಲುಗಳ ಎರಡು ಪ್ರತಿ. ನಂತರ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ, ಯುಇಎಫ್ಐ ಬಲ್ಲ ಕಾರ್ಡು. ಆಮೇಲೆ ಡಿಸ್ಕಿನ ಪರಿವರ್ತನೆ. ಕೊನೆಗೆ ಸಿಎಸ್‌ಎಂ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದಾದ ಮೇಲೂ ಯಂತ್ರ ಎದ್ದಿತೇ ಎಂದು ನೋಡಿ ಮುಂದಿನದು. ಕ್ಯಾಬಿನೆಟ್ಟಿನ ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿದ್ದೇನೆ. ಎಡಗಡೆ ‘ಮೂಲದಲ್ಲಿ ಹೀಗಿತ್ತು’, ಬಲಗಡೆ ‘ಹೀಗೆ ಮಾಡಿದೆ’, ಕೆಳಗೆ ದಿನಾಂಕ. ಪೆನ್ನಿನಲ್ಲಿ ಬರೆದದ್ದು, ಬ್ಯಾಟರಿ ಬೇಡ.

ಸೋಮವಾರದ ವರದಿ ಹೇಗೋ ಆಯಿತು. ಯುಗಾದಿ ಕಳೆದ ಮೇಲೆ ತೀರ್ಥಹಳ್ಳಿಗೆ ಹೋದೆ. 224 ಫೋಟೋಗಳನ್ನು ಅಚ್ಚು ಹಾಕಿಸಿ ಹೊಲಿಸಿದ್ದ ಪುಸ್ತಕವನ್ನೂ ಒಂದು ಪೆನ್ ಡ್ರೈವನ್ನೂ ಅಜ್ಜನ ಕೈಗಿಟ್ಟೆ. ಆವತ್ತು ರಾತ್ರಿ ನಡೆದದ್ದನ್ನು ಹೇಳಿಬಿಟ್ಟೆ. ಹೇಳದೆ ಇರಬಹುದಿತ್ತು, ಅವರಿಗೇನೂ ತಿಳಿಯುತ್ತಿರಲಿಲ್ಲ.

“ಕಳೀಲಿಲ್ಲ ತಾನೆ?”

“ಇಲ್ಲ ಅಜ್ಜಾ.”

ಪುಸ್ತಕವನ್ನು ಅವರು ದೇವರ ಕೋಣೆಯಲ್ಲಿಟ್ಟರು. ಪೆನ್ ಡ್ರೈವನ್ನು ಕೆಂಪು ಬಟ್ಟೆಯ ಕಟ್ಟಿನೊಳಗೆ ತೂರಿಸಿ ಅಟ್ಟದ ಕಡೆ ಕೈ ಎತ್ತಿದಾಗ ನನಗೆ ತಡೆಯಲಾಗಲಿಲ್ಲ.

“ಅಲ್ಲಿ ಬೇಡ ಅಜ್ಜಾ, ಶಾಖಕ್ಕೆ ಹಾಳಾಗುತ್ತೆ.”

ಅವರು ಕಟ್ಟನ್ನೂ ನೋಡಿದರು, ಪೆನ್ ಡ್ರೈವನ್ನೂ ನೋಡಿದರು. “ಇದು ನೂರಾರು ವರ್ಷ ಅಲ್ಲೇ ಇತ್ತಲ್ಲ. ನಿಂದು ಅಷ್ಟೂ ತಡಿಯಲ್ವಾ?” ಎಂದು ಕೇಳಿ, ಪೆನ್ ಡ್ರೈವನ್ನು ಹೊರತೆಗೆದು ನನ್ನ ಕೈಗೇ ಕೊಟ್ಟರು. “ಹಂಗಾರೆ ಇದನ್ನ ನೀನೇ ಇಟ್ಕ. ನಂಗೆ ಗರಿ ಸಾಕು.”