ಬೋರ್ಡಿಲ್ಲದ ಅಂಗಡಿ

ಮನುಷ್ಯನಿಗೆ ಹೆಸರಿಗಿಂತ ಹೆಚ್ಚಾಗಿ ಬೇಕಾದದ್ದು ಹೆಸರಿಗೊಂದು ಬಾಲ. ನನಗೆ ಅದು ಇದೆ: ಎಂ.ಎ., ಕನ್ನಡ ಅಧ್ಯಾಪಕ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು "ತಾವು ಏನು ಮಾಡಿಕೊಂಡಿದ್ದೀರಿ?" ಎಂದು ಕೇಳಿದರೆ, ಆ ಬಾಲವನ್ನು ಎತ್ತಿ ತೋರಿಸಿ, ನೆಮ್ಮದಿಯಾಗಿ ಹೋಳಿಗೆಯ ಕಡೆಗೆ ತಿರುಗುತ್ತೇನೆ. ನಾನು ಪಾಠವನ್ನು ಚೆನ್ನಾಗಿ ಮಾಡುತ್ತೇನೆಯೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ಕಾಲೇಜು ಜಾಮೀನು ನಿಂತಿದೆ.

ನನ್ನ ಶಿಷ್ಯನೊಬ್ಬನಿಗೆ ಈ ಬಾಲವಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿದ್ದವನು 2017ರಲ್ಲಿ ಅದನ್ನು ಬಿಟ್ಟು ಬೀದರಿಗೆ ಬಂದುಬಿಟ್ಟ. "ಯಾಕಪ್ಪಾ?" ಎಂದೆ. "ಸ್ವಂತ ಕೆಲಸ ಮಾಡ್ತೀನ್ರಿ ಸರ್. ಕಂಪ್ಯೂಟರಿನ ವಿಷಯದಾಗ ಸಲಹಾ ಕೊಡೂದು" ಎಂದ. ಸಲಹೆ! ನಮ್ಮೂರಿನ ಚಹಾದ ಅಂಗಡಿಯ ಮುಂದೆ ನಿಂತರೆ ಬಿಟ್ಟಿಯಾಗಿ ಸಿಕ್ಕುವ ಪದಾರ್ಥ ಅದೊಂದೇ. ಅದನ್ನು ಮಾರಿ ಸಂಸಾರ ಸಾಗಿಸುತ್ತೇನೆಂದು ಹೊರಟವನನ್ನು ಕಂಡು ನನಗೆ ಕನಿಕರವಾಯಿತು. "ನಿಮ್ಮ ಶಿಷ್ಯ ಈಗ ಏನ್ ಮಾಡ್ಲತ್ತಾನ್ರೀ?" ಎಂದು ಹೆಂಡತಿ ಕೇಳಿದಾಗ "ಏನೋ ಕಂಪ್ಯೂಟರು" ಎಂದು ಮಾತು ತೇಲಿಸಿದೆ.

ಅವನ ಅದೃಷ್ಟಕ್ಕೆ ಅದೇ ವರ್ಷ ಜುಲೈ 1ರಂದು ಜಿ.ಎಸ್.ಟಿ. ಬಂತು. ಭಾಲ್ಕಿಯ, ಔರಾದಿನ ವರ್ತಕರು ಖಾತೆಯ ಪುಸ್ತಕವನ್ನು ಮಡಿಚಿಟ್ಟು ಕಂಪ್ಯೂಟರಿನ ಮುಂದೆ ಕೂರಬೇಕಾಯಿತು. ಆದರೆ ಇಂಥ ಹುಡುಗನೊಬ್ಬನಿದ್ದಾನೆಂದು ಅವರಿಗೆ ತಿಳಿಯುವುದು ಹೇಗೆ? ಅಂಗಡಿಯಿಲ್ಲ, ಬೋರ್ಡಿಲ್ಲ. ಅವನು ಮಾಡಿದ್ದು ಎರಡೇ ಕೆಲಸ. ಬಸ್ಸು ಹತ್ತಿ ತಾಲ್ಲೂಕುಗಳನ್ನು ತಿರುಗಿ ನಾಲ್ಕು ಜನರ ಪರಿಚಯ ಮಾಡಿಕೊಂಡ. ವಾರಕ್ಕೊಂದು ಕನ್ನಡ ಬರಹ ಬರೆದು ಅಂತರಜಾಲದಲ್ಲಿ ಹಾಕತೊಡಗಿದ. ಹಳೆಯ 'ನುಡಿ' ಅಕ್ಷರದ ಕಡತ ಬೇರೆ ಯಂತ್ರದಲ್ಲಿ ಏಕೆ ಕಾಗೆಕಾಲು ಗುಬ್ಬಿಕಾಲಾಗುತ್ತದೆ, ಅದನ್ನು ಯೂನಿಕೋಡಿಗೆ ತರುವುದು ಹೇಗೆ, ಬ್ಯಾಂಕಿನವರೆಂದು ಹೇಳಿಕೊಂಡು ಫೋನು ಮಾಡುವವರಿಗೆ ಓ.ಟಿ.ಪಿ. ಏಕೆ ಹೇಳಬಾರದು, ಇಂಥವು. ಕೇಳಿದವರಿಗೆಲ್ಲ ಉತ್ತರ, ಒಂದಕ್ಕೂ ಕಾಸಿಲ್ಲ.

"ಸರಕನ್ನೆಲ್ಲ ಬಾಗಿಲಲ್ಲೇ ಹಂಚಿಬಿಟ್ಟರೆ ಒಳಗೆ ಏನು ಮಾರುತ್ತೀಯಪ್ಪಾ?" ಎಂದು ಕೇಳಿದೆ.

"ಓದಿ ತಿಳಕೊಂಡವ್ರು ತಾವೇ ಮಾಡ್ಕೋತಾರ್ರಿ ಸರ್. ಆಗ್ಲಾರದವ್ರು ನನ್ನ ಕರೀತಾರ" ಎಂದು ನಕ್ಕ.

ಆ ಸಂಜೆ ಮನೆಗೆ ಮರಳುವಾಗ ಮಹಮೂದ್ ಗವಾನನ ಮದರಸಾದ ಒಂಟಿ ಮಿನಾರು ಎದುರಾಯಿತು. ದಿನವೂ ನೋಡುವ ಮಿನಾರೇ. ಆದರೆ ಅಂದು ಅದು ಏನೋ ಹೇಳುವಂತೆ ತೋರಿತು. ಇರಾನಿನ ಗಿಲಾನಿನಿಂದ 1453ರಲ್ಲಿ ಇಲ್ಲಿಗೆ ಬಂದಾಗ ಗವಾನ್ ನಲವತ್ತು ದಾಟಿದ ವ್ಯಾಪಾರಿ. ಈ ಊರಿನಲ್ಲಿ ಅವನಿಗೂ ಬೋರ್ಡಿರಲಿಲ್ಲ. ಅವನಲ್ಲಿದ್ದದ್ದು ವಿದ್ಯೆ, ಮತ್ತು ಕಾಗದ ಬರೆಯುವ ಕೈ. ಮುಂದೆ ಬಹಮನಿ ರಾಜ್ಯದ ಮಂತ್ರಿಯಾಗಿಯೂ ಆ ಕೈ ಬಿಡುವಾಗಲಿಲ್ಲ. ತುರ್ಕಿಯ ಸುಲ್ತಾನನಿಗೆ ಬರೆದ, ಹೆರಾತಿನ ಕವಿ ಜಾಮಿಗೆ ಬರೆದ. ಆ ಕಾಗದಗಳು 'ರಿಯಾಜ್-ಉಲ್-ಇನ್ಶಾ' ಎಂಬ ಸಂಗ್ರಹವಾಗಿ ಉಳಿದಿವೆ. ಜಾಮಿ ಬೀದರಿಗೆ ಬರಲೇ ಇಲ್ಲ. ಆದರೂ 1472ರಲ್ಲಿ ಮದರಸಾ ಎದ್ದು ನಿಂತಿತು. ಕಾಗದದಿಂದ ಹೆಸರಾದವನು ಕೊನೆಗೆ ಕಾಗದದಿಂದಲೇ ಹೋದ. ವೈರಿಗಳು ಬರಿಯ ಕಾಗದದ ಮೇಲೆ ಅವನ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಪತ್ರ ಹುಟ್ಟಿಸಿದರು. 1481ರಲ್ಲಿ ಸುಲ್ತಾನ ಅವನನ್ನು ಕೊಲ್ಲಿಸಿದ. ಈ ಇಸವಿಗಳನ್ನು ಇಷ್ಟು ಬಿಗಿಯಾಗಿ ಹಿಡಿಯುವುದಕ್ಕೆ ಒಂದು ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಔರಾದಿನ ಬೇಳೆ ವ್ಯಾಪಾರಿಯೊಬ್ಬರ ಕಂಪ್ಯೂಟರು ಕೆಟ್ಟು ಮೂರು ತಿಂಗಳ ಲೆಕ್ಕ ಮಾಯವಾಯಿತು. ದಿನವೂ ನಕಲು ತೆಗೆಯುವ ಏರ್ಪಾಡು ಮಾಡಿಕೊಟ್ಟವನು ನನ್ನ ಶಿಷ್ಯನೇ. ಆ ಏರ್ಪಾಡು ಯಾವಾಗಲೋ ನಿಂತುಹೋಗಿತ್ತು. ಯಾರೂ ತೆರೆದು ನೋಡಿರಲಿಲ್ಲ. ವ್ಯಾಪಾರಿ ಕೂಗಾಡಿದರು. ಇವನು ಹನ್ನೊಂದು ದಿನ ಅಲ್ಲಿಯೇ ಕೂತು, ರಸೀದಿಗಳ ರಾಶಿಯಿಂದ ಲೆಕ್ಕವನ್ನೆಲ್ಲ ಮತ್ತೆ ತುಂಬಿಸಿದ, ಹಣ ಮುಟ್ಟಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಲೋಕಕ್ಕೆ ತಿಳಿಯುತ್ತಿರಲಿಲ್ಲ. ಆದರೆ ಆ ವಾರದ ಬರಹದಲ್ಲಿ, ವ್ಯಾಪಾರಿಯ ಹೆಸರನ್ನು ಮರೆಮಾಡಿ ತನ್ನ ತಪ್ಪನ್ನು ಮಾತ್ರ ಮರೆಮಾಡದೆ, ಎಲ್ಲವನ್ನೂ ಬರೆದ. ನಕಲು ಇದ್ದರೆ ಸಾಲದು, ಆಗಾಗ ತೆರೆದು ನೋಡಬೇಕು. ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಬೇರೆ ಜಾಗದಲ್ಲಿರಬೇಕು. ಇದನ್ನೆಲ್ಲ ಬಲ್ಲ ನಾನೇ ನೋಡಲಿಲ್ಲ, ಎಂದು.

ಓದಿದವನೇ ಅವನ ಮನೆಗೆ ಧಾವಿಸಿದೆ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕಿಕೊಂಡೆಯಲ್ಲೋ!"

"ನಾ ಬರೀಲಿಲ್ಲಂದ್ರ ಬ್ಯಾರೆಯವ್ರು ಹೇಳ್ತಾರ್ರಿ ಸರ್. ನನ್ನ ಹಿಂದ ಯಾವ ಕಂಪನಿ ಅದ? ನನ್ನ ಮಾತೊಂದೇ ಅದ."

ಔರಾದಿನವರು ಅವನನ್ನು ಮತ್ತೆ ಕರೆಯಲಿಲ್ಲ. ಕರೆದರೆಂದು ಬರೆದಿದ್ದರೆ ಪ್ರಬಂಧಕ್ಕೆ ಕಳೆ ಬರುತ್ತಿತ್ತು. ಏನು ಮಾಡಲಿ, ಕರೆಯಲಿಲ್ಲ. ಇನ್ನಿಬ್ಬರು ಗಿರಾಕಿಗಳೂ ಮೆಲ್ಲಗೆ ಸರಿದರು. ಎರಡು ಮೂರು ತಿಂಗಳು ಅವನ ಮನೆಯಲ್ಲಿ ಕೈ ಬಿಗಿಯಾಗಿಯೇ ಇತ್ತು. ದೀಪಾವಳಿಯ ಹೊತ್ತಿಗೆ ಭಾಲ್ಕಿಯಿಂದ ಗುರುತಿಲ್ಲದವರೊಬ್ಬರು ಫೋನು ಮಾಡಿದರಂತೆ: "ಆ ನಕಲಿನ ವಿಷಯ ಬರದವ್ರು ನೀವೇ ಏನ್ರಿ? ನಮ್ಮದೂ ಒಮ್ಮೆ ತೆರೆದು ನೋಡ್ರಿ."

ಇನ್ನು ನನ್ನ ಇಸವಿಯ ವಿಷಯ. ಹನ್ನೆರಡು ವರ್ಷದ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬೀದರಿನ ಮೇಲೊಂದು ಲೇಖನ ಬರೆದೆ. ಮದರಸಾ ಕಟ್ಟಿದ್ದು 1481ರಲ್ಲಿ ಎಂದು ಅಚ್ಚಾಯಿತು. ಗವಾನ್ ಸತ್ತ ವರ್ಷ ಅದು! ಸಂಚಿಕೆ ಕೈಗೆ ಬಂದ ದಿನವೇ ಕಂಡೆ. ಮುದ್ರಣದೋಷವೆಂದು ಮನಸ್ಸಿಗೆ ಹೇಳಿಕೊಂಡೆ. ಹಸ್ತಪ್ರತಿ ತೆಗೆದು ನೋಡಿದರೆ ದೋಷ ನನ್ನ ಕೈಯದೇ. ಸುಮ್ಮನಾದೆ. ಅಂದಿನಿಂದ ವಿದ್ಯಾರ್ಥಿಗಳು ಪ್ರಬಂಧಗಳಲ್ಲಿ 1481 ಎಂದು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ನನ್ನನ್ನೇ ನಂಬಿದವರ ಅಂಕವನ್ನು ಯಾವ ಬಾಯಿಂದ ಕಡಿಯಲಿ?

ನಾಳೆ ಕರಿಹಲಗೆಯ ಮೇಲೆ 1472 ಎಂದು ಬರೆಯಬೇಕೆಂದಿದ್ದೇನೆ. ಹಿಂದಿನ ಬೆಂಚಿನವನು "ನಿಮ್ಮ ಲೇಖನದಾಗ ಬ್ಯಾರೆ ಅದಲ್ರಿ ಸರ್?" ಎಂದು ಕೇಳಿಯೇ ಕೇಳುತ್ತಾನೆ. ಉತ್ತರ ಮೂರೇ ಪದ: ನನ್ನದೇ ತಪ್ಪು, ಮಗಾ. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಗೆಗೆ ಅದು ಇನ್ನೂ ಸರಿಯಾಗಿ ಹೊರಳುವುದಿಲ್ಲ. ಅದಕ್ಕೇ ಇಲ್ಲಿ ತಮ್ಮೆದುರಿಗೆ ಒಮ್ಮೆ ಅಭ್ಯಾಸ ಮಾಡಿದ್ದೇನೆ.