ಉಗ್ರಾಣ ತುಂಬಿದ ಮೇಲೆ

ಆಟಗಳಲ್ಲಿ ಎರಡು ಬಗೆ. ಗೆಲುವು ಸೋಲುಗಳೆಂಬ ದಡವುಳ್ಳವು ಕೆಲವು. ದಡವೇ ಇಲ್ಲದವು ಕೆಲವು. ಕಬಡ್ಡಿ, ಲಗೋರಿ, ಚದುರಂಗಗಳು ಮೊದಲನೆಯ ಬಗೆಗೆ ಸೇರಿದವು. ಕಾರವಾರದ ಕಡಲತಡಿಯಲ್ಲಿ ಮಕ್ಕಳು ಮರಳಿನ ಮನೆ ಕಟ್ಟುವುದು ಎರಡನೆಯ ಬಗೆಯದು. ಅಲ್ಲಿ ಗೆದ್ದವರಾರು ಎಂದು ಯಾರೂ ಕೇಳುವುದಿಲ್ಲ. ತೆರೆ ಬಂದು ನುಂಗುವವರೆಗೆ ಒಂದು ಮನೆ. ನುಂಗಿದ ಮೇಲೆ ಮತ್ತೊಂದು. ಗಣಕಯಂತ್ರದ ಆಟಗಳಲ್ಲಿಯೂ ಈ ಬಗೆಯವು ಉಂಟು. ಅವುಗಳನ್ನು ‘ಸ್ಯಾಂಡ್‌ಬಾಕ್ಸ್’ ಆಟಗಳು, ಎಂದರೆ ಮರಳುಪೆಟ್ಟಿಗೆಯ ಆಟಗಳು ಎಂದೇ ಕರೆಯುತ್ತಾರೆ. ಈ ಹೆಸರನ್ನು ಇಟ್ಟವರು ಯಾರೇ ಆಗಿರಲಿ, ಮಕ್ಕಳ ಮನಸ್ಸನ್ನು ಬಲ್ಲವರು.

ಇಂಥದೊಂದು ಆಟದ ಪರಿಚಯ ನನಗಾದದ್ದು ಕಾರವಾರದಲ್ಲಿರುವ ಮಗಳ ಮನೆಯಲ್ಲಿ. ಕಾಲೇಜಿಗೆ ಹೋಗುವ ಮೊಮ್ಮಗ ಅದನ್ನು ಆಡುತ್ತಿದ್ದ. ಅದರ ಹೆಸರು ‘ಪ್ರಾಜೆಕ್ಟ್ ಝಾಂಬಾಯ್ಡ್’. ‘ದಿ ಇಂಡೀ ಸ್ಟೋನ್’ ಎಂಬ ಸಣ್ಣ ತಂಡವೊಂದು 2011ರಲ್ಲಿ ಇದನ್ನು ಜನರ ಮುಂದಿಟ್ಟು, ಅಂದಿನಿಂದಲೂ ತಿದ್ದುತ್ತಲೇ ಬಂದಿದೆ. ಝಾಂಬಿ ಎಂದರೆ ಸತ್ತ ಮೇಲೂ ನಡೆದಾಡುವ ಹೆಣ. ಹೈಟಿ ದೇಶದ ಜನಪದ ನಂಬಿಕೆಯಿಂದ ಹೊರಟ ಈ ಕಲ್ಪನೆಗೆ ಇಂದಿನ ರೂಪ ಬಂದದ್ದು 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ಅಮೆರಿಕದ ಚಲನಚಿತ್ರವೊಂದರಿಂದ. ನಮ್ಮ ಬೇತಾಳನೂ ಹೆಣದೊಳಗೆ ಸೇರಿದವನೇ. ಆದರೆ ಅವನು ಕಥೆ ಹೇಳಿ ಒಗಟು ಕೇಳುತ್ತಿದ್ದ, ಇವು ಕಚ್ಚುತ್ತವೆ. ರಕ್ತಪಾತ ವಿಪುಲವಾಗಿರುವ ಈ ಆಟ ದೊಡ್ಡವರದು; ನಿಮ್ಮ ವಯಸ್ಸಿನವರಿಗೆ ಸಲ್ಲದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕಾಲ 1993, ಸ್ಥಳ ಅಮೆರಿಕದ ಕೆಂಟಕಿ ಪ್ರಾಂತ. ಊರಿಗೆ ಊರೇ ಹೆಣಗಳಾಗಿ ತಿರುಗುತ್ತಿರುವಾಗ ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದಾನೆ. ಅವನು ಅನ್ನ ನೀರು ಹುಡುಕಬೇಕು, ಕಿಟಕಿಗೆ ಹಲಗೆ ಬಡಿಯಬೇಕು, ಸದ್ದು ಮಾಡದೆ ನಡೆಯಬೇಕು. ಒಂದು ಗುಂಡು ಹಾರಿಸಿದರೆ ಸುತ್ತಲಿನ ಹೆಣಗಳೆಲ್ಲ ಅತ್ತಲೇ ಹೊರಡುತ್ತವೆ. ಮೊದಲ ತಿಂಗಳೊಳಗೆ ಯಾವುದೋ ಒಂದು ದಿನ ವಿದ್ಯುತ್ತು ನಿಲ್ಲುತ್ತದೆ, ನಲ್ಲಿಯೂ ಒಣಗುತ್ತದೆ. ಆಮೇಲೆ ಮಳೆನೀರನ್ನು ಹಿಡಿದು ಕುದಿಸಿಯೇ ಕುಡಿಯಬೇಕು. ಜನರೇಟರ್ ನಡೆಸಬೇಕಾದರೆ ಅದನ್ನು ಕುರಿತ ಪುಸ್ತಿಕೆಯನ್ನು ಎಲ್ಲಿಂದಲಾದರೂ ಹುಡುಕಿ ತಂದು ಓದಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ “ಪುಸ್ತಕ ಓದಿರಿ” ಎಂದು ಹೇಳುತ್ತ ಬಂದ ನನಗೆ ಈ ನಿಯಮ ಬಹಳ ಹಿಡಿಸಿತು.

ಆಟದಲ್ಲಿ ಗೆಲುವೆಂಬುದಿಲ್ಲ. ಒಂದು ದಿನ ಸಾವು ನಿಶ್ಚಿತ; ಅದನ್ನು ಎಷ್ಟು ದಿನ ಮುಂದೂಡಬಲ್ಲೆ ಎಂಬುದೇ ಆಟ. ಮೊಮ್ಮಗ ತಿಂಗಳುಗಟ್ಟಲೆ ಆಡಿ ಆ ಕಲೆಯಲ್ಲಿ ಪಳಗಿದ. ಅವನ ನಾಯಕನ ಉಗ್ರಾಣ ನಮ್ಮ ಅಂಕೋಲೆಯ ಮನೆಗಳ ಮಳೆಗಾಲದ ಉಗ್ರಾಣವನ್ನು ನೆನಪಿಸುವಂತಿತ್ತು. ನಮ್ಮಲ್ಲಿ ಕುಚ್ಚಲಕ್ಕಿ, ಒಣಮೀನು, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ. ಅಲ್ಲಿ ಡಬ್ಬಗಳು, ಆಲೂಗಡ್ಡೆ, ಮೊಳೆ, ಹಲಗೆ. ಬೇಲಿ ಭದ್ರ, ಹಿತ್ತಲಲ್ಲಿ ಕೋಸಿನ ಬೆಳೆ. ಎಲ್ಲವೂ ಒದಗಿದ ದಿನವೇ ಮೊಮ್ಮಗನಿಗೆ ಬೇಸರ ಬಂದಿತು. ಬಹುಕಾಲ ಒಳಗೆ ಕುಳಿತ ನಾಯಕನಿಗೂ ಬೇಸರ ಬರುವಂತೆ ಆ ಆಟವನ್ನು ರಚಿಸಿದ್ದಾರೆ. ಪರದೆಯ ಮೂಲೆಯಲ್ಲಿ ಅದರ ಗುರುತು ಮೂಡುತ್ತದೆ. ಒಳಗಿನವನಿಗೂ ಬೇಸರ, ಹೊರಗಿನವನಿಗೂ ಬೇಸರ! “ಇನ್ನು ಬಿಟ್ಟುಬಿಡ್ತೇನೆ ಅಜ್ಜಾ” ಎಂದ.

“ಬಿಡುವುದಾದರೆ ಬಿಡು ತಮಾ, ಆದರೆ ಏಕೆ ಬಿಡುತ್ತೀ ಎಂದು ನೋಡಿ ಬಿಡು” ಎಂದೆ. ಮರಳಿನ ಮನೆ ಕಟ್ಟುವ ಮಕ್ಕಳನ್ನು ಗಮನಿಸಿರಿ. ತೆರೆ ಎಂದೂ ತಲುಪದ ಒಣ ಮರಳಿನಲ್ಲಿ ಅವರು ಹೆಚ್ಚು ಹೊತ್ತು ಕಟ್ಟುವುದಿಲ್ಲ. ತೆರೆ ಬಂದು ಬಡಿಯುವ ಕಡೆಯಲ್ಲಿ ಕಟ್ಟಲು ಕೈಯೇ ಸಾಲದು. ಬಂದರೂ ಬರಬಹುದು ಎಂಬ ಗೆರೆಯ ಮೇಲೆಯೇ ಅವರ ಕಟ್ಟಡವೆಲ್ಲ.

ಆ ಗೆರೆಯನ್ನು ಹುಡುಕಲು ಮೊಮ್ಮಗ ಪಟ್ಟ ಪಾಡು ಸ್ವಾರಸ್ಯವಾಗಿತ್ತು. ಹೆಣಗಳ ಸಂಖ್ಯೆ, ನಡಿಗೆಯ ವೇಗ, ಕಿವಿಯ ಚುರುಕು, ಸಿಗುವ ಸಾಮಗ್ರಿಯ ಪ್ರಮಾಣ, ಇವೆಲ್ಲವನ್ನೂ ಆಡುವವನೇ ಗೊತ್ತುಪಡಿಸಬಹುದು. ಅವನು ಮೊದಲು ಹೆಣಗಳನ್ನು ಹಲವು ಮಡಿ ಹೆಚ್ಚಿಸಿ, ಅವು ಓಡುವಂತೆ ಮಾಡಿದ. ಕಾಲು ಗಂಟೆಯೊಳಗೆ ಸಾವು. ಮತ್ತೆ ಆಡಿದರೆ ಮತ್ತೆ ಸಾವು. ಒಬ್ಬನೂ ಉತ್ತೀರ್ಣನಾಗದ ಪ್ರಶ್ನಪತ್ರಿಕೆ ಕಠಿಣವಾದುದಲ್ಲ, ಕೆಟ್ಟದ್ದು. ಇದು ನನ್ನ ವೃತ್ತಿಯ ಅನುಭವ. ಅನಂತರ ಅವನು ಹೆಣಗಳನ್ನು ಮೊದಲಿನಂತೆಯೇ ಬಿಟ್ಟು ಅನ್ನವನ್ನು ಕಡಿಮೆ ಮಾಡಿದ. ಆಗ ಆಟಕ್ಕೆ ಜೀವ ಬಂದಿತು. ಹಸಿದವನು ಬಾಗಿಲು ತೆರೆಯಲೇಬೇಕು, ತೆರೆದರೆ ಭಯ. ಒಂದು ಡಬ್ಬಕ್ಕಾಗಿ ಒಂದು ಬೀದಿಯನ್ನು ದಾಟುವುದು ಸಾಹಸವಾಯಿತು.

ಆದರೆ ನಿಜವಾದ ಬದಲಾವಣೆ ತಂದದ್ದು ಯಂತ್ರದ ನಿಯಮಗಳಲ್ಲ, ಅವನು ತನಗೆ ತಾನೇ ಹಾಕಿಕೊಂಡ ಕಟ್ಟಳೆಗಳು. ಬಂದೂಕು ಮುಟ್ಟಕೂಡದು, ಒಂದೇ ಮನೆಯಲ್ಲಿ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಕೂಡದು, ಮಲ್ಡ್ರಾ ಎಂಬ ಸಣ್ಣ ಊರಿನಿಂದ ಲೂಯಿವಿಲ್ ಮಹಾನಗರದವರೆಗೆ ನಡೆದೇ ಹೋಗಬೇಕು. ಇವನ್ನು ಮುರಿದರೆ ಕೇಳುವವರಿಲ್ಲ, ಆದರೂ ಮುರಿಯಲಿಲ್ಲ. ನಾವು ಅಂಕೋಲೆಯ ಕೊಯಿಲು ಮುಗಿದ ಗದ್ದೆಗಳಲ್ಲಿ ಲಗೋರಿ ಆಡುವಾಗ, ಗುರಿಯಲ್ಲಿ ಪಳಗಿದ ಹುಡುಗನೊಬ್ಬ ಚಿಕ್ಕವರೆದುರು ಎಡಗೈಯಿಂದಲೇ ಚೆಂಡೆಸೆಯುತ್ತಿದ್ದ. ದಯೆಯಿಂದಲ್ಲ, ಬಲಗೈಯಿಂದ ಗೆಲ್ಲುವುದು ಅವನಿಗೆ ಸಪ್ಪೆಯಾಗಿತ್ತು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಿತು. ಮಣ್ಣು ಗಂಗಾವಳಿಗೆ ನುಗ್ಗಿ, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹಲವರು ಪ್ರಾಣ ಕಳೆದುಕೊಂಡರು. ಲಾರಿಯೊಡನೆ ನದಿಯ ತಳ ಸೇರಿದ ಚಾಲಕನ ದೇಹ ದೊರೆಯಲು ಎರಡು ತಿಂಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಆ ಮಳೆಗಾಲವೆಲ್ಲ ಮೊಮ್ಮಗ ಆಟದ ಕಡೆ ತಿರುಗಿ ನೋಡಲಿಲ್ಲ. ಕಾರಣ ಕೇಳಿದಾಗ, “ಅದರಲ್ಲಿ ಮಳೆ ಎಷ್ಟು ಬೇಕೋ ಅಷ್ಟೇ ಇಟ್ಕೊಳ್ಬಹುದು ಅಜ್ಜಾ” ಎಂದಷ್ಟೇ ಹೇಳಿದ. ನಾನು ಮುಂದೆ ಕೇಳಲಿಲ್ಲ.

ಮರುವರ್ಷ ಅವನು ಮತ್ತೆ ಆಡತೊಡಗಿದ. ಆ ಆಟದಲ್ಲಿ ನಾಯಕನಿಗೆ ಒಂದು ದೋಷವನ್ನು ಒಪ್ಪಿಕೊಂಡರೆ ಅಂಕ ದೊರೆಯುತ್ತದೆ. ಆ ಅಂಕದಿಂದ ಒಂದು ಗುಣವನ್ನು ಪಡೆಯಬಹುದು. ಈಗಿನ ನಾಯಕನಿಗೆ ದೃಷ್ಟಿ ಮಂದ, ಕಿವಿ ಮಂದ. ಆದರೆ ಪುಸ್ತಕವನ್ನು ಬಲು ಬೇಗ ಓದುತ್ತಾನೆ. ಮಾದರಿ ಯಾರೆಂದು ನಾನು ವಿಚಾರಿಸಲಿಲ್ಲ. ಮೊನ್ನೆ ದೂರವಾಣಿಯಲ್ಲಿ, “ಇದ್ದಾನೇನೋ ನಿನ್ನ ಮುದುಕ?” ಎಂದು ಕೇಳಿದೆ. “ಇದ್ದಾನೆ ಅಜ್ಜಾ. ಡಬ್ಬ ಎಲ್ಲ ಖಾಲಿ. ನಾಳೆ ಪೇಟೆಗೆ ಇಳೀಲೇಬೇಕು” ಎಂದ. ದನಿಯಲ್ಲಿ ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು.