ಫಾಮಗುಸ್ತಾದ ತೋಪು

ಗಾಲ್ಫ್ ಕೋಲುಗಳನ್ನು ಸಾಮಾನಿನ ಜೊತೆ ಕಟ್ಟಿಕೊಂಡು ಯುದ್ಧಕ್ಕೆ ಹೊರಟ ಹುಡುಗ ಅರುಣ್ ಖೇತರ್‌ಪಾಲ್. ಲಾಹೋರಿನಲ್ಲಿ ಗಾಲ್ಫ್ ಆಡುತ್ತೇನೆ ಅಂದಿದ್ದನಂತೆ. ವಯಸ್ಸು 21, ಪೂನಾ ಹಾರ್ಸ್ ಟ್ಯಾಂಕ್ ರೆಜಿಮೆಂಟ್ ಸೇರಿ ಆರೇ ತಿಂಗಳು. ಅಹ್ಮದ್‌ನಗರದ ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ.

1971ರ ಭಾರತ-ಪಾಕಿಸ್ತಾನ ಯುದ್ಧ. ಡಿಸೆಂಬರ್ 15ರ ರಾತ್ರಿ, ಪಾಕಿಸ್ತಾನದ ಶಕರ್‌ಗಢ. ನಮ್ಮ ಕಾಲಾಳುಗಳು ಬಸಂತರ್ ನದಿ ದಾಟಿ ಆಚೆ ನೆಲೆ ಹಿಡಿದಿದ್ದಾರೆ, ಟ್ಯಾಂಕುಗಳಿನ್ನೂ ಈಚೆ ಇವೆ. ನಡುವೆ ನೆಲಬಾಂಬು ಹೂತ ಬಯಲು. ಎಂಜಿನಿಯರುಗಳು ಅರ್ಧ ದಾರಿ ಬಿಡಿಸುವಷ್ಟರಲ್ಲಿ ಎದುರಿಗೆ ಶತ್ರು ಟ್ಯಾಂಕುಗಳ ಸುಳಿವು! ಕಾದರೆ ಆಚೆಯವರು ಉಳಿಯುವುದಿಲ್ಲ. ಕಮಾಂಡರ್ ಹನೂತ್ ಸಿಂಗ್ ಕಾಯಲಿಲ್ಲ. ಬಾಂಬುಗಳ ಮೇಲೇ ಸಾಗಿ ಪೂನಾ ಹಾರ್ಸ್ ಬೆಳಕು ಹರಿಯುವ ಹೊತ್ತಿಗೆ ಕಾಲಾಳುಗಳನ್ನು ಸೇರಿಕೊಂಡಿತು.

16, ಬೆಳಿಗ್ಗೆ ಎಂಟು. ಜರ್ಪಾಲ್ ಹಳ್ಳಿಯ ಮುಂದೆ ಹೊಗೆಯ ಪರದೆ, ಪರದೆಯ ಹಿಂದಿನಿಂದ ಟ್ಯಾಂಕುಗಳು. ಪೂನಾ ಹಾರ್ಸಿನ ಬಿ ಸ್ಕ್ವಾಡ್ರನ್ ರೇಡಿಯೊದಲ್ಲಿ ನೆರವು ಕೇಳಿತು. ಎ ಸ್ಕ್ವಾಡ್ರನ್ನಿನಲ್ಲಿದ್ದ ಅರುಣ್ ಕೇಳಿಸಿಕೊಂಡವನೇ ನುಗ್ಗಿದ. ದಾರಿಯುದ್ದಕ್ಕೂ ಅಡಗುನೆಲೆಗಳಿಂದ ಗುಂಡಿನ ಮಳೆ. ಅವನು ಬಳಸಿ ಹೋಗಲಿಲ್ಲ, ಅವುಗಳ ಮೇಲೇ ಟ್ಯಾಂಕ್ ಹಾಯಿಸಿದ, ಪಿಸ್ತೂಲು ತೋರಿಸಿ ಸೈನಿಕರನ್ನು ಸೆರೆಹಿಡಿದ. ತನ್ನ ತುಕಡಿಯ ಇನ್ನೊಂದು ಟ್ಯಾಂಕಿನ ಕಮಾಂಡರ್ ಅಲ್ಲೇ ಬಿದ್ದ. ಅರುಣ್ ನಿಲ್ಲಲಿಲ್ಲ.

ಶತ್ರು ಮತ್ತೆ ಕೂಡಿಕೊಂಡು ಬಂದ. ಆ ಕಡೆ ತಡೆಯಲು ಇದ್ದದ್ದು ಅರುಣನ ಸೆಂಚೂರಿಯನ್, ಹೆಸರು ‘ಫಾಮಗುಸ್ತಾ’, ಜೊತೆಗೆ ಇನ್ನೆರಡು ಟ್ಯಾಂಕು. ಅವೆರಡರಲ್ಲಿ ಒಂದಕ್ಕೆ ಗುಂಡು ತಗುಲಿತು, ಇನ್ನೊಂದರ ತೋಪು ಕೈಕೊಟ್ಟಿತು. ಉಳಿದದ್ದು ಒಂದೇ. ಅಷ್ಟರಲ್ಲಿ ಫಾಮಗುಸ್ತಾಕ್ಕೂ ಏಟು ಬಿತ್ತು, ಬೆಂಕಿ ಹತ್ತಿತು, ಅರುಣ್‌ಗೆ ತೀವ್ರ ಗಾಯ. ಇಳಿದು ಬಾ ಎಂದು ರೇಡಿಯೊದಲ್ಲಿ ಆಜ್ಞೆ.

ಆ ಗಳಿಗೆಯ ಬಗ್ಗೆ ಓದಿದಾಗಲೆಲ್ಲ ನನ್ನ ಉಸಿರು ಹಿಡಿಯುತ್ತದೆ. ಇಳಿಯಲು ಅವನಿಗೆ ಆಜ್ಞೆಯೇ ಇತ್ತು, ಇಳಿದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ತೋಪು ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕ್ ಬಿಡುವುದಿಲ್ಲ ಎಂದ. ರೇಡಿಯೊ ಆರಿಸಿದ.

ಹೊಗೆ ತುಂಬಿದ ಉಕ್ಕಿನ ಗೂಡಿನಿಂದ ಅವನು ಮತ್ತೆ ಗುರಿ ಹಿಡಿದ. ಆ ಕಾಳಗದಲ್ಲಿ ನಾಶವಾದ ಹತ್ತು ಟ್ಯಾಂಕುಗಳಲ್ಲಿ ನಾಲ್ಕು ಅವನೊಬ್ಬನ ಲೆಕ್ಕದವು. ಕೊನೆಯದು ನೂರು ಮೀಟರಿನೊಳಗೆ ಬಂದಿತ್ತು. ನೂರು ಮೀಟರ್ ಅಂದರೆ ಊರಿನ ಶಾಲೆಯ ಮೈದಾನದಷ್ಟು! ಆಗಲೇ ಎರಡನೇ ಏಟು. ಅರುಣ್ ಹೋದ. ರೇಡಿಯೊ ಆಪರೇಟರ್ ನಂದ್ ಸಿಂಗ್ ಕೂಡ ಹೋದ. ಶತ್ರುವಿಗೆ ಮಾತ್ರ ನಮ್ಮ ಸಾಲನ್ನು ಸೀಳಲಾಗಲಿಲ್ಲ.

ಮಾರನೇ ದಿನವೇ ಕದನವಿರಾಮ. ಅರುಣ್‌ಗೆ ಮರಣೋತ್ತರ ಪರಮವೀರ ಚಕ್ರ. ಫಾಮಗುಸ್ತಾ ಈಗ ಅಹ್ಮದ್‌ನಗರದಲ್ಲಿದೆ, ಅವನು ಅರ್ಧಕ್ಕೆ ತರಬೇತಿ ಬಿಟ್ಟು ಹೊರಟ ಊರಿನಲ್ಲಿ.

ಲಾಹೋರಿಗೆ ಮಗ ಹೋಗಲಿಲ್ಲ, ತಂದೆ ಹೋದರು. 2001ರಲ್ಲಿ ನಿವೃತ್ತ ಬ್ರಿಗೇಡಿಯರ್ ಎಂ.ಎಲ್. ಖೇತರ್‌ಪಾಲ್ ತಾವು ಹುಟ್ಟಿದ ಸರ್ಗೋಧಾ ನೋಡಲು ಹೊರಟಾಗ ಅವರಿಗೆ 81. ಲಾಹೋರಿನಲ್ಲಿ ಪಾಕಿಸ್ತಾನಿ ಸೇನೆಯ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್ ಮನೆಯವರಂತೆ ನೋಡಿಕೊಂಡರು. ಬಸಂತರಿನಲ್ಲಿ ಮಗನ ಟ್ಯಾಂಕಿಗೆ ಹೊಡೆದವನು ತಾನೇ ಎಂದು ಆ ಆತಿಥೇಯ ಬಾಯಿಬಿಟ್ಟದ್ದು, ಅತಿಥಿ ಹೊರಡುವ ಹಿಂದಿನ ರಾತ್ರಿ.